ಕೊರಳು ಖಾಲಿಯಿದ್ದ ದಿನಗಳು

ನನ್ನ ಕೊರಳಿನ ಎಡಗಡೆ ಗಡ್ಡ ಬರುವುದಿಲ್ಲ. ಹೊಸಪೇಟೆಯಲ್ಲಿ ನನಗೆ ಕ್ಷೌರ ಮಾಡುವ ತಿಪ್ಪಣ್ಣ, "ಮಾಸ್ತರ, ನಿಮ್ದು ಬರೇ ಅರ್ಧ ಮಾರಿ ಕೆಲಸ ನೋಡ್ರಿ" ಎಂದು ಪ್ರತಿ ಸಲವೂ ನಗುತ್ತಾನೆ. ನಾನೂ ನಗುತ್ತೇನೆ. ಆ ಅರ್ಧ ಮುಖದ ಕಥೆಯನ್ನು ಅವನಿಗೆ ಪೂರ್ತಿ ಹೇಳಿಲ್ಲ.

ಹೋದ ತಿಂಗಳು ಗಾದಿಗನೂರಿನಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದಿದ್ದರು. ಅವರ ಮಗಳನ್ನು ಮದರಾಸಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದಾರಂತೆ. ರೋಗದ ಹೆಸರು ಅವರ ಬಾಯಿಂದ ಬರಲಿಲ್ಲ. ತಮ್ಮ ಕೊರಳನ್ನೇ ಮುಟ್ಟಿ ತೋರಿಸಿ, "ಅಲ್ಲಿ ಏನೇನು ಮಾಡ್ತಾರ್ರಿ? ಹುಡುಗಿ ಕೇಳ್ತಾಳ, ನನಗ ಹೇಳಾಕ ಬರವಲ್ದು" ಎಂದರು. ಒಂದು ತಾಸು ಮಾತಾಡಿದೆ. ಅವರು ಹೋದ ಮೇಲೆ ಹೇಳಬೇಕಾದದ್ದರಲ್ಲಿ ಅರ್ಧ ನನ್ನ ಹತ್ತಿರವೇ ಉಳಿಯಿತು ಅನ್ನಿಸಿತು. ಉಳಿದದ್ದನ್ನು ಬರೆಯುತ್ತಿದ್ದೇನೆ. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ, ಕಾಯುವುದು ಸ್ವಲ್ಪ ಗೊತ್ತು.

ಆಗ ನನಗೆ ಹದಿನೇಳು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಮನೆ ಕಂಪ್ಲಿಯಲ್ಲಿ. ಅಪ್ಪ ಚನ್ನಬಸಪ್ಪನಿಗೆ ಅಲ್ಲಿ ಒಂದು ಸಣ್ಣ ಅಕ್ಕಿ ಗಿರಣಿ ಇತ್ತು. ನಾನು ಹೊಸಪೇಟೆಯಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು, ಹೈಸ್ಕೂಲಿನ ಕಡೆಯ ವರ್ಷ, ಆರನೆಯ ಫಾರಂ ಓದುತ್ತಿದ್ದೆ. ಬೀಜಗಣಿತದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ಹೇಳುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಕೂಸು ಹುಟ್ಟಿದ ಕೂಡಲೇ ಅದಕ್ಕೆ ಲಿಂಗ ಕಟ್ಟುತ್ತಾರೆ. ಬೆಳೆದಂತೆ ಅದು ಬೆಳ್ಳಿಯ ಕರಡಿಗೆಯೊಳಗೆ ಸೇರಿ, ಶಿವದಾರದಲ್ಲಿ ಪೋಣಿಸಿಕೊಂಡು, ಕೊರಳಿಂದ ಎದೆಯ ಮೇಲೆ ಇಳಿಯುತ್ತದೆ. ದಿನಕ್ಕೊಮ್ಮೆ ಪೂಜೆಗೆಂದು ಎಡ ಅಂಗೈಗೆ ಬರುವುದು ಬಿಟ್ಟರೆ ಸಾಯುವವರೆಗೂ ಮೈಬಿಟ್ಟು ಅಗಲುವುದಿಲ್ಲ. ನನಗೆ ಲಿಂಗ ಕಟ್ಟಿಸಿದವಳು ಅಜ್ಜಿ, ಅಪ್ಪನ ತಾಯಿ, ಗುರಮ್ಮ. ಮನೆಯ ಗಂಡಸರೆಲ್ಲ ಮಾತಾಡಿ ಮುಗಿಸಿದ ಮೇಲೆ ಅಜ್ಜಿ ಒಂದು ಮಾತು ಹೇಳುತ್ತಿದ್ದಳು. ನಡೆಯುತ್ತಿದ್ದದ್ದು ಆ ಮಾತೇ.

ದಸರೆಗೆ ಊರಿಗೆ ಬಂದಾಗ ಎಡಗಡೆ ಕಾಲರಿನ ಎಲುಬಿನ ಮೇಲೆ ಒಂದು ಗಂಟು ಕೈಗೆ ಸಿಕ್ಕಿತು. ಅಡಿಕೆಯಷ್ಟಿತ್ತು. ನೋವಿಲ್ಲ, ಕೆಂಪಿಲ್ಲ. ಶಿವದಾರ ಸರಿಯಾಗಿ ಅದರ ಮೇಲೇ ಹಾದುಹೋಗುತ್ತಿತ್ತು.

ಅಜ್ಜಿ ಮುಟ್ಟಿ ನೋಡಿ ತಕ್ಷಣ ತೀರ್ಪು ಕೊಟ್ಟಳು. "ದಾರ ತಿಕ್ಕೇತಿ. ಹೊಸಾ ದಾರ, ಬಿರುಸು ಐತಿ."

ದಾರ ಬದಲಾಯಿತು. ಗಂಟು ಹಾಗೇ ಉಳಿಯಿತು. ಆಮೇಲೆ ರೇಷ್ಮೆಯ ದಾರ ಬಂತು. ಆಮೇಲೆ ಅಜ್ಜಿ ತಾನೇ ಹತ್ತಿ ಹಿಂಜಿ, ನೂತು, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಒಂದು ದಾರ ಹೊಸೆದಳು. ಅವ್ವ ಅದಕ್ಕೆ ಅರಿವೆ ಸುತ್ತಿದಳು. ನಾಲ್ಕು ತಿಂಗಳಲ್ಲಿ ನಾಲ್ಕು ದಾರ. ಗಂಟಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ನಮ್ಮ ಸಂಶಯವೆಲ್ಲ ದಾರದ ಮೇಲೆ. ನನಗೂ ಅದು ಅನುಕೂಲವೇ ಆಗಿತ್ತು. ಕೊರಳು ನೋವೆಂದು ಸುಳ್ಳು ಹೇಳಿ ಡ್ರಿಲ್ ತಪ್ಪಿಸಿಕೊಳ್ಳುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಒಂದು ಗಂಟು ಮೂರಾಯಿತು. ಕಂಕುಳಲ್ಲೂ ಒಂದು ಬಂತು. ಸಂಜೆಯಾದರೆ ಜ್ವರ, ಮೈಯೆಲ್ಲ ತುರಿಕೆ. ಪ್ರಸಾದನಿಲಯದ ನನ್ನ ಗೆಳೆಯ ಹಂಪಣ್ಣ ಭಾನುವಾರ ಹಂಪಿಗೆ ನಡೆದುಹೋಗುವಾಗ ನನ್ನನ್ನು ಎಳೆದುಕೊಂಡು ಹೋದ. ಮಾತಂಗ ಬೆಟ್ಟದ ಅರ್ಧಕ್ಕೆ ನಾನು ಕೂತುಬಿಟ್ಟೆ. "ಮುದುಕಾ ಆಗಿಯಲೇ ಪಂಪ್ಯಾ" ಎಂದು ರೇಗಿಸಿದವನು ನನ್ನ ಮುಖ ನೋಡಿ ಕೈಹಿಡಿದು ಕೆಳಗಿಳಿಸಿದ. ಮಾರನೆಯ ದಿನ ಅವನೇ ನನ್ನಪ್ಪನಿಗೆ ಕಾಗದ ಬರೆದ. ನನಗೆ ಹೇಳದೆ ಬರೆದದ್ದಕ್ಕೆ ನಾನು ಎರಡು ದಿನ ಅವನ ಹತ್ತಿರ ಮಾತು ಬಿಟ್ಟಿದ್ದೆ.

ಅಪ್ಪ ಮೊದಲು ಕರೆದುಕೊಂಡು ಹೋದದ್ದು ಚೋರನೂರಿಗೆ. ಅಲ್ಲಿ ಗಡ್ಡೆಗೆ ಬೇರು ಕಟ್ಟುವ ಒಬ್ಬ ಮುದುಕರಿದ್ದರು. ಸಂಡೂರು ದಾಟಿ ಗಾಡಿಯಲ್ಲಿ ಹೋಗುವಷ್ಟರಲ್ಲಿ ಕೆಂಪು ಧೂಳು ಕೂತು ನನ್ನ ಬಿಳಿ ಅಂಗಿಯ ಬಣ್ಣ ಹೋಯಿತು. ಮುದುಕರು ಕಣ್ಣು ಮುಚ್ಚಿ ಕೊರಳು, ಕಂಕುಳು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದರು.

"ಇದು ನನ್ನ ಬೇರಿಗೆ ಬಗ್ಗೂದಲ್ರಿ ಸಾವ್ಕಾರ. ದೊಡ್ಡ ದವಾಖಾನಿಗೆ ಒಯ್ರಿ. ಜಲ್ದಿ ಒಯ್ರಿ."

ಒಂದು ಬೇರು ಕಟ್ಟಿ ಕಳಿಸಿದ್ದರೆ ನಾವು ಇನ್ನೆರಡು ತಿಂಗಳು ನಂಬಿಕೊಂಡು ಕೂರುತ್ತಿದ್ದೆವು. ತಮಗೆ ಗೊತ್ತಿಲ್ಲ ಎನ್ನುವುದು ಆ ಮುದುಕರಿಗೆ ಗೊತ್ತಿತ್ತು. ನಾನು ಬದುಕಿರುವುದಕ್ಕೆ ಋಣಿಯಾಗಿರಬೇಕಾದವರಲ್ಲಿ ಅವರೂ ಒಬ್ಬರು.

ಬಳ್ಳಾರಿಯ ಡಾಕ್ಟರು ಒಂದು ಗಂಟನ್ನು ಕುಯ್ದು ಸೀಸೆಯಲ್ಲಿ ಹಾಕಿ ಮದರಾಸಿಗೆ ಕಳಿಸಿದರು. ಮೂರು ವಾರದ ಮೇಲೆ ಕಂಪ್ಲಿಗೆ ಅವರ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬನಿಗೇ. ಅಪ್ಪ ಕಾಗದವನ್ನು ನನ್ನ ಕೈಗೇ ಕೊಟ್ಟು, "ಓದಪಾ, ಏನು ಬರದಾರ" ಎಂದ. ಅಜ್ಜಿ, ಅವ್ವ ಇಬ್ಬರೂ ಪಡಸಾಲೆಗೆ ಬಂದು ಕೂತರು.

ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಒಂದು ಪದದ ಅರ್ಥ ತಿಳಿಯಲಿಲ್ಲ, ಅದರ ಮುಂದಿನ ಪದ ತಿಳಿಯಿತು. ಹೆದರಿಕೆಯಾಯಿತು. ಅಷ್ಟು ಹೆದರಿಕೆಯಲ್ಲೂ ಕಾಗದದಲ್ಲಿ ಒಂದು ಅಲ್ಪವಿರಾಮ ತಪ್ಪು ಜಾಗದಲ್ಲಿ ಬಿದ್ದಿದೆ ಎಂದು ಕಂಡಿತು ನೋಡಿ, ಅದು ನನಗೆ ಇವತ್ತಿಗೂ ನಗು ತರಿಸುತ್ತದೆ.

"ಗಂಟು ಕೆಟ್ಟದ್ದಂತ. ಕ್ಯಾನ್ಸರಿನ ಜಾತಿ ಅಂತ. ಮದ್ರಾಸಿನಾಗ ಕರೆಂಟು ಹಿಡಿಸ್ತಾರಂತ. ಕರಗಬಹುದು ಅಂತ ಬರದಾರ."

"ಬಹುದು ಅಂತ ಬರದಾರ, ಇಲ್ಲಾ ಕರಗ್ತತಿ ಅಂತ ಬರದಾರ?" ಅಜ್ಜಿ ಕೇಳಿದಳು.

"ಬಹುದು ಅಂತ."

ಸುಳ್ಳು ಹೇಳಬಹುದಿತ್ತು. ಆದರೆ ಅಜ್ಜಿ ಕೇಳಿದ ರೀತಿಯಲ್ಲಿ ಸುಳ್ಳಿಗೆ ಜಾಗ ಇರಲಿಲ್ಲ. ಅವ್ವ ಎದ್ದು ಒಳಗೆ ಹೋದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಆಗ ಊಟದ ಹೊತ್ತೇನೂ ಆಗಿರಲಿಲ್ಲ.

ಹೊಸಪೇಟೆಯ ಸ್ಟೇಶನ್ನಿಗೆ ಅಜ್ಜಿಯೂ ಬಂದಳು. ರೈಲು ಹೊರಡುವ ಮೊದಲು ನನ್ನ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅಪ್ಪನಿಗೆ ಹೇಳಿದಳು. "ಏನಾರ ಮಾಡ್ಲಿ. ಕೊರಳಾಗಿನ ಲಿಂಗ ಮಾತ್ರ ತಗೀಬಾರ್ದು. ತಗದ್ರ ಈ ಹುಡುಗ ನನ್ನ ಕೈಗೆ ಸಿಗೂದಿಲ್ಲ. ಆಣಿ ಮಾಡು." ಅಪ್ಪ ಆಣೆ ಮಾಡಿದ.

ಮದರಾಸಿನ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಮುಂದೆ ಉದ್ದನೆಯ ಜಗುಲಿ. ಎರಡೂ ಕಡೆ ಬೆಂಚು. ಅದರ ಮೇಲೆ ನಾನಾ ಊರಿನ, ನಾನಾ ಮಾತಿನ ಜನ. ಎಲ್ಲರೂ ಒಂದೇ ಬಾಗಿಲನ್ನು ನೋಡುತ್ತ ಕೂತಿರುತ್ತಿದ್ದರು. ಡಾಕ್ಟರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಾನು ಅಪ್ಪನಿಗೆ ತಿಳಿಸುತ್ತಿದ್ದೆ. ಕೊರಳಿನ ಎಡಗಡೆ, ಎದೆ, ಎರಡೂ ಕಂಕುಳು, ಇಪ್ಪತ್ತೆರಡು ದಿನ. ಮೂರು ತಿಂಗಳ ಮೇಲೆ ಇನ್ನೊಂದು ಸಲ. ಎರಡನೆಯದು ಬಿಟ್ಟರೆ ಮೊದಲನೆಯದು ದಂಡ ಎಂದು ಅವರು ಎರಡು ಸಲ ಹೇಳಿದರು. ನೇರಳೆ ಮಸಿಯಲ್ಲಿ ನನ್ನ ಮೈಮೇಲೆ ಗೆರೆ ಎಳೆದರು. ರೇಖಾಗಣಿತದ ಚಿತ್ರದ ಹಾಗಿತ್ತು, ಆದರೆ ಒಂದು ಗೆರೆಯೂ ನೆಟ್ಟಗಿರಲಿಲ್ಲ.

ಯಂತ್ರ ನಡೆಸುವವನು ತೆಲುಗಿನವನು. ಅಪ್ಪನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಕರಡಿಗೆಯನ್ನು ನೋಡಿದ್ದೇ ಅವನು, "ಅದನ್ನು ತೆಗೆಯಬೇಕು. ಬೆಳ್ಳಿಯೂ ಬೇಡ, ಒಳಗಿನದೂ ಬೇಡ. ಗೆರೆಯ ಒಳಗೆ ಏನೂ ಇರಬಾರದು" ಎಂದ.

"ತೋಳಿಗೆ ಕಟ್ಟಿದರೆ?" ಅಪ್ಪ ಕೇಳಿದ. ತೋಳು ಮೇಲೆತ್ತಿ ಕಂಕುಳಿಗೂ ಕೊಡಬೇಕು, ಆಗುವುದಿಲ್ಲ.

"ತಲೆಗೆ ರುಮಾಲಿನಲ್ಲಿ?" ಮುಖದಿಂದ ನೆತ್ತಿಯವರೆಗೆ ಸೀಸದ ಹಾಳೆ ಮುಚ್ಚುತ್ತಾರೆ, ಆಗುವುದಿಲ್ಲ.

ಪಾಪ, ಅವನೂ ಒಳ್ಳೆಯವನು, ದಾರಿ ಹುಡುಕುತ್ತಿದ್ದ. "ಸೊಂಟಕ್ಕೆ ಕಟ್ಟಿಕೊಳ್ಳಲಿ, ನನ್ನ ಅಡ್ಡಿ ಇಲ್ಲ" ಎಂದ. ಅಪ್ಪನ ಮುಖ ಕಪ್ಪಿಟ್ಟಿತು. ಲಿಂಗ ಹೊಕ್ಕುಳ ಕೆಳಗೆ ಇಳಿಯಬಾರದು. ಅದು ಅವನಿಗೆ ತಿಳಿಯುವುದು ಹೇಗೆ?

ಜಗುಲಿಯಲ್ಲಿ ಹನ್ನೆರಡು ಜನ ನಮ್ಮ ಹಿಂದೆ ಕಾಯುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಈಗ ನನ್ನ ಕೈಹಿಡಿದು ಊರಿಗೆ ನಡೆ ಅಂದುಬಿಟ್ಟರೆ ಏನು ಗತಿ ಎಂದು ಹೆದರಿದ್ದೆ. ಬದುಕಬೇಕು ಅನ್ನುವ ಆಸೆ ನನಗೆ ಅಷ್ಟು ಗಟ್ಟಿಯಾಗಿ ತಿಳಿದದ್ದು ಅವತ್ತೇ.

ಅಪ್ಪ ಅಲ್ಲೇ ಇದ್ದ ಹೂಜಿಯ ನೀರಿನಲ್ಲಿ ಕೈ ತೊಳೆದು, ನನ್ನ ಕೊರಳಿಂದ ಶಿವದಾರ ತೆಗೆದು, ಕರಡಿಗೆಯನ್ನು ತನ್ನ ಎಡ ಅಂಗೈಯಲ್ಲಿ ಇಟ್ಟುಕೊಂಡ. ಒಬ್ಬರ ಲಿಂಗವನ್ನು ಇನ್ನೊಬ್ಬರು ಹಿಡಿಯುವುದು ನಮ್ಮಲ್ಲಿ ಇಲ್ಲ, ಗುರುವೊಬ್ಬನನ್ನು ಬಿಟ್ಟು.

"ನಾ ಹಿಡಕೊಂಡಿರ್ತೀನಿ. ನೀ ಹೋಗಿ ಬಾ."

ಒಳಗೆ ಹೋಗುವಾಗ ಕೊರಳು ಬತ್ತಲಾದ ಹಾಗನ್ನಿಸಿತು. ಕೈ ಮತ್ತೆ ಮತ್ತೆ ಎದೆಗೆ ಹೋಗಿ ಖಾಲಿ ಬರುತ್ತಿತ್ತು. ಬಾಗಿಲು ಮುಚ್ಚಿತು. ಯಂತ್ರ ಗುಂಯ್‌ಗುಟ್ಟಿತು. ನೋವೇನೂ ಇಲ್ಲ, ಅದೇ ಆಶ್ಚರ್ಯ. ಸುಮ್ಮನೆ ಮಲಗಿರಬೇಕು, ಅಷ್ಟೇ. ಗಾದಿಗನೂರಿನ ಹುಡುಗಿಗೆ ನಾನು ಮೊದಲು ಹೇಳಿಕಳಿಸಿದ್ದು ಇದನ್ನೇ.

ದಿನವೂ ಹತ್ತೂವರೆಗೆ ನಮ್ಮ ಸರದಿ. ಸೀಸದ ಹಾಳೆಯ ಕೆಳಗೆ ಮಲಗಿ ನಾನು ಪ್ರಮೇಯ ಸಾಧಿಸುತ್ತಿದ್ದೆ. ಒಂದು ಪ್ರಮೇಯ ಮುಗಿಯುವಷ್ಟರಲ್ಲಿ ಒಂದು ಕಡೆ ಮುಗಿಯುತ್ತಿತ್ತು. ಹಂಪಣ್ಣ ವಾರವಾರವೂ ಪಾಠದ ಟಿಪ್ಪಣಿ ನಕಲು ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದ. ಅವನ ಲೆಕ್ಕದಲ್ಲಿ ತಪ್ಪುಗಳಿರುತ್ತಿದ್ದವು. ತಿದ್ದಿ ವಾಪಸು ಕಳಿಸುವುದೇ ನನಗೆ ದೊಡ್ಡ ಸಂತೋಷ. ಬಹಳ ದಿನದ ಮೇಲೆ ತಿಳಿಯಿತು, ಕೆಲವು ತಪ್ಪನ್ನು ಅವನು ಬೇಕೆಂದೇ ಮಾಡುತ್ತಿದ್ದನಂತೆ. ಎಲ್ಲವನ್ನೂ ಅಲ್ಲ, ಅಷ್ಟು ನಾನು ನಂಬುವುದಿಲ್ಲ.

ಹತ್ತನೆಯ ದಿನದ ಹೊತ್ತಿಗೆ ಗಂಟಲು ಹುಣ್ಣಾಯಿತು. ಉಗುಳು ನುಂಗಿದರೂ ಉರಿ. ನಾವು ಇಳಿದುಕೊಂಡಿದ್ದ ಛತ್ರದ ಹಿಂಬದಿಯಲ್ಲಿ ಅಪ್ಪ ಗಂಜಿ ಕಾಯಿಸುತ್ತಿದ್ದ. ಗಿರಣಿ ಇಟ್ಟುಕೊಂಡು ಜೀವಮಾನವೆಲ್ಲ ಅಕ್ಕಿಯ ನಡುವೆ ಬದುಕಿದ ಮನುಷ್ಯನಿಗೆ ಅದು ಬೇಯುವುದಕ್ಕೆ ಎಷ್ಟು ನೀರು ಬೇಕು ಎನ್ನುವುದು ಗೊತ್ತಿರಲಿಲ್ಲ. ದಿನಾ ತಳ ಹಿಡಿಯುತ್ತಿತ್ತು. ನಾಲಿಗೆಗೆ ರುಚಿ ಹೋದದ್ದೇ ಒಳ್ಳೆಯದಾಯಿತು ಎಂದು ಅವನನ್ನು ರೇಗಿಸಿದೆ. ಅವನು ನಕ್ಕ. ಆಮೇಲೆ ಗೋಡೆಯ ಕಡೆ ತಿರುಗಿ ಸೌಟು ತೊಳೆಯುತ್ತ ನಿಂತ.

ಜಗುಲಿಯಲ್ಲಿ ನಮ್ಮ ಪಕ್ಕದಲ್ಲಿ ಕೂರುತ್ತಿದ್ದವರು ಸುಬ್ಬಯ್ಯ. ಕರ್ನೂಲು ಕಡೆಯ ಮೆಣಸಿನಕಾಯಿ ವ್ಯಾಪಾರಿ. ನಾಲಿಗೆಯ ಹುಣ್ಣಿನಿಂದ ಮಾತು ಹೋಗಿತ್ತು. ಒಂದು ಸ್ಲೇಟು ಇಟ್ಟುಕೊಂಡು ತೆಲುಗಿನಲ್ಲಿ ಬರೆದು ತೋರಿಸುತ್ತಿದ್ದರು, ನಮಗೆ ಸರಾಗ ಓದಲು ಬರುತ್ತಿತ್ತು. ಸುಬ್ಬಯ್ಯ ಬಲು ತಮಾಷೆಯ ಮನುಷ್ಯ. 'ನನ್ನ ಹೆಂಡತಿ ಜೀವನದಲ್ಲಿ ಮೊದಲನೇ ಸಲ ವಾದದಲ್ಲಿ ಗೆದ್ದಳು' ಎಂದು ಬರೆದು ನಮ್ಮಿಬ್ಬರನ್ನೂ ನಗಿಸಿದ್ದರು. ಒಂದು ದಿನ ಅಪ್ಪ ಅತ್ತ ಹೋದಾಗ ಅವರು ಬರೆದ ಎರಡು ಸಾಲು ಓದಿ ನಗು ಬರಲಿಲ್ಲ. 'ನಿಮ್ಮ ತಂದೆ ಬೆಳಗ್ಗೆ ಎದ್ದಾಗಿನಿಂದ ನೀನು ಹೊರಗೆ ಬಂದು ಅದನ್ನು ಕೊರಳಿಗೆ ಹಾಕಿಕೊಳ್ಳುವವರೆಗೆ ನೀರು ಕೂಡ ಮುಟ್ಟುವುದಿಲ್ಲ. ನಿನಗೆ ಗೊತ್ತೇ?'

ಗೊತ್ತಿರಲಿಲ್ಲ. ಅಪ್ಪ ನನ್ನ ಮುಂದೆ ಗಂಜಿ ಇಟ್ಟು ತಾನು ಆಗಲೇ ಉಂಡೆ ಅನ್ನುತ್ತಿದ್ದ. ಮರುದಿನವೇ ಯಂತ್ರ ಕೆಟ್ಟಿತು. ನಾವು ಮೂರು ಗಂಟೆಯವರೆಗೆ ಕಾದೆವು. ಕೊನೆಗೆ ಒಳಗೆ ಹೋಗಿ ಹೊರಬಂದಾಗ ಅಪ್ಪನ ಎಡಗೈ ನಡುಗುತ್ತಿತ್ತು, ಬಲಗೈಯನ್ನು ಅದರ ಕೆಳಗೆ ಆಧಾರ ಕೊಟ್ಟು ಕೂತಿದ್ದ. ಕರಡಿಗೆ ತೊಡೆಗೆ ತಾಗಿರಲಿಲ್ಲ, ಬೆಂಚಿಗೆ ತಾಗಿರಲಿಲ್ಲ. ನನಗೆ ಅಳು ಬಂತು. ಗಂಟಲ ನೋವು ಅಂದೆ.

ಇಪ್ಪತ್ತೆರಡು ದಿನ ಮುಗಿದವು. ಗಂಟುಗಳು ಕಡಲೆಕಾಳಿನಷ್ಟಾಗಿದ್ದವು. ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಒಂದೇ ಮಾತು ಹೇಳಿದ. "ಅಜ್ಜಿಗೆ ಹೇಳಬ್ಯಾಡ." ನಾನು ಹೂಂ ಅಂದೆ.

ಆದರೆ ನಾವು ಅಜ್ಜಿಯ ಕಣ್ಣನ್ನು ಮರೆತಿದ್ದೆವು.

ಮನೆಗೆ ಬಂದ ಮರುದಿನ ಅಜ್ಜಿ ನನ್ನನ್ನು ಬೆಳಕಿಗೆ ಕೂರಿಸಿ ಅಂಗಿ ಬಿಚ್ಚಿಸಿದಳು. ಕೊರಳಿಂದ ಎದೆಯವರೆಗೆ ಚರ್ಮ ಸುಟ್ಟು ಕಪ್ಪಾಗಿತ್ತು. ಅವ್ವ ಸೆರಗು ಬಾಯಿಗೆ ಹಿಡಿದಳು. ಅಜ್ಜಿ ಮಾತ್ರ ಬೆರಳಿಂದ ಶಿವದಾರವನ್ನು ಪಕ್ಕಕ್ಕೆ ಸರಿಸಿ ಅದರ ಕೆಳಗೆ ಬಹಳ ಹೊತ್ತು ನೋಡಿದಳು. ಗದ್ದೆಯಲ್ಲಿ ಬಿಸಿಲಿಗೆ ದುಡಿದ ಎಷ್ಟೋ ಕೊರಳುಗಳನ್ನು ಕಂಡವಳು ಅವಳು. ಎಂಥ ಕಪ್ಪು ಕೊರಳಾದರೂ ಶಿವದಾರದ ಕೆಳಗೆ ಒಂದು ಬಿಳೀ ಗೀರು ಉಳಿದಿರುತ್ತದೆ.

"ದಾರದ ಗೀರು ಎಲ್ಲಿ?" ಎಂದಳು.

ಈ ಕರೆಂಟು ಬಿಸಿಲಿನ ಹಾಗಲ್ಲ, ದಾರವಿದ್ದರೂ ಗೀರು ಉಳಿಯುತ್ತಿರಲಿಲ್ಲ ಎಂದು ನಾನು ವಿಜ್ಞಾನ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಪ್ಪ, "ತಗದಿದ್ವಿ ಅವ್ವಾ. ನನ್ನ ಕೈಯಾಗಿತ್ತು" ಎಂದುಬಿಟ್ಟ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿತ್ತಲ ಕೋಣೆಗೆ ಹೋದಳು. ಮೂರು ದಿನ ಅಪ್ಪನ ಎದುರು ಬರಲಿಲ್ಲ, ಅವನ ಹತ್ತಿರ ಮಾತಾಡಲಿಲ್ಲ. ಊಟವನ್ನು ಅವ್ವ ಒಳಗೇ ಕೊಟ್ಟು ಬರುತ್ತಿದ್ದಳು, ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಅಪ್ಪ ಗಿರಣಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಅಜ್ಜಿ ಒಂದು ಮಾತು ಬ್ಯಾಡ ಅಂದರೆ ಎರಡನೆಯ ಸಲ ಮದರಾಸಿಗೆ ಹೋಗುವುದು ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು. ತಾಯಿಗೆ ಮಾಡಿದ ಆಣೆಯನ್ನು ಅಪ್ಪ ಒಂದು ಸಲ ಮುರಿದಿದ್ದ. ಎರಡನೆಯ ಸಲ ಅವಳ ಕಣ್ಣೆದುರೇ ಮುರಿಯುವ ಗಟ್ಟಿತನ ಅವನಲ್ಲಿ ಇರಲಿಲ್ಲ. ನಾನು ಹಾಸಿಗೆಯಲ್ಲಿ ಕೂತು ಕೊರಳಿನ ಕಡಲೆಕಾಳುಗಳನ್ನು ಎಣಿಸುತ್ತಿದ್ದೆ. ಅಜ್ಜಿಯ ಮೇಲೆ ಸಿಟ್ಟು ಬರುತ್ತಿತ್ತು. ಅವಳು ಹಾಕಿದ ಲಿಂಗ, ಅವಳು ಹೊಸೆದ ದಾರ, ಅವಳು ಕಳೆದ ನಾಲ್ಕು ತಿಂಗಳು. ಹೀಗೆಲ್ಲ ಯೋಚಿಸಿದ್ದೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ಏಳುವಾಗ ಅಜ್ಜಿ ಬಂದು ಎದುರಿಗೆ ಕೂತಳು. ನಾನು ಪಡಸಾಲೆಯಲ್ಲೇ ಇದ್ದೆ.

"ಯಾವ ಕೈಯಾಗ ಹಿಡಕೊಂಡಿದ್ದಿ?"

"ಎಡಗೈಯಾಗ."

"ಕೆಳಗ ಇಟ್ಟಿದ್ದೇನು?"

"ಇಲ್ಲವ್ವಾ. ಒಂದ್ಸಲನೂ ಇಲ್ಲ."

"ಹೊಟ್ಟಿಗೆ?"

ಉತ್ತರ ನಾನು ಕೊಟ್ಟೆ. "ನೀರೂ ಕುಡೀತಿದ್ದಿಲ್ಲ ಅಜ್ಜಿ. ಒಂದಿನ ಮೂರು ಗಂಟಿ ಆದ್ರೂ ಕುಡೀಲಿಲ್ಲ. ಕೈ ನಡಗಾಕ ಹತ್ತಿತ್ತು."

ಅಜ್ಜಿ ಮಗನ ಎಡಗೈಯನ್ನು ತೆಗೆದುಕೊಂಡು ಅಂಗೈ ಮೇಲೆ ಮಾಡಿ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಗಿರಣಿಯ ಕೆಲಸದಿಂದ ಜಡ್ಡುಗಟ್ಟಿದ ಕೈ, ಅಷ್ಟೇ. ಆ ಕೈಯನ್ನು ಅವಳು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಪ್ಪ ಮಗುವಿನ ಹಾಗೆ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮುಂದಿನ ಸಲ ನಾ ಬರ್ತೀನಿ" ಎಂದಳು ಅಜ್ಜಿ. "ನಿನ್ನ ಕೈ ನಡಗ್ತತಿ. ನಾ ಹಿಡೀತೀನಿ."

ಬಳ್ಳಾರಿಯಿಂದ ಆಚೆ ಕಾಲಿಡದ ಅಜ್ಜಿ ಮದರಾಸಿಗೆ ಬಂದಳು. ರೈಲಿನಲ್ಲಿ ಪ್ರತಿಯೊಂದು ಸ್ಟೇಶನ್ನಿನ ಹೆಸರನ್ನೂ ನನ್ನಿಂದ ಓದಿಸಿದಳು. ಸಮುದ್ರ ತೋರಿಸುತ್ತೇನೆ ಎಂದರೆ, "ನೀರಿಗೇನು, ನಮ್ಮ ಹೊಳ್ಯಾಗ ಐತಿ. ನಿನ್ನ ಕೆಲಸ ಆಗ್ಲಿ" ಎಂದು ಬಾಯಿ ಮುಚ್ಚಿಸಿದಳು. ಛತ್ರದಲ್ಲಿ ಅಪ್ಪ ಗಂಜಿ ಇಟ್ಟ ಪಾತ್ರೆಯ ತಳ ನೋಡಿ ಬಾಯ್ತುಂಬ ಬೈದಳು. ನಾಲ್ಕು ತಿಂಗಳ ಮೇಲೆ ಮನೆಯಲ್ಲಿ ಎಲ್ಲ ಸರಿಯಾಯಿತು ಅನ್ನಿಸಿದ್ದು ಆ ಬೈಗುಳ ಕೇಳಿದಾಗ.

ಜಗುಲಿಯಲ್ಲಿ ಸುಬ್ಬಯ್ಯ ಇರಲಿಲ್ಲ. ಯಂತ್ರದವನನ್ನು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅವರು ಕೂರುತ್ತಿದ್ದ ಜಾಗದಲ್ಲಿ ಅಜ್ಜಿ ಕೂತಳು. ಬೆನ್ನು ನೆಟ್ಟಗೆ, ಸೆರಗು ತಲೆಯ ಮೇಲೆ, ಎಡ ಅಂಗೈಯಲ್ಲಿ ನನ್ನ ಲಿಂಗ. ನಾನು ಒಳಗೆ ಹೋಗುವಾಗ ತಿರುಗಿ ನೋಡಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಅಂಗೈಯ ಮೇಲೇ ಇತ್ತು. ಆದರೂ ನನ್ನ ಕೊರಳು ಬತ್ತಲು ಅನ್ನಿಸಲಿಲ್ಲ.

ಮೂರನೆಯದೋ ನಾಲ್ಕನೆಯದೋ ದಿನ ನಾನು ಲಿಂಗವನ್ನು ಅಜ್ಜಿಯ ಕೈಗೆ ಕೊಟ್ಟು ಕಾಯುತ್ತಿದ್ದಾಗ, ನಮಗಿಂತ ಮೊದಲಿನ ಸರದಿಗೆ ಒಬ್ಬ ತಮಿಳು ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಜೊತೆಗೆ ಯಾರೂ ಇರಲಿಲ್ಲ. ತಾಳಿ ತೆಗೆಯಬೇಕು ಎಂದು ಯಂತ್ರದವನು ಹೇಳಿದ. ಗಂಡ ಬದುಕಿರುವವಳು ತಾಳಿ ಬಿಚ್ಚುವುದೆಂದರೆ ಏನು ಎನ್ನುವುದಕ್ಕೆ ಭಾಷೆ ಬರಬೇಕಾಗಿಲ್ಲ. ಅವಳು ತಲೆ ಅಲ್ಲಾಡಿಸುತ್ತ ಗೋಡೆಗೆ ಒರಗಿ ನಿಂತುಬಿಟ್ಟಳು. ಮನೆಗೆ ಹೊರಟುಹೋಗುತ್ತಾಳೆ ಎಂದುಕೊಂಡೆ.

ಅಜ್ಜಿ ತನ್ನ ಬಲಗೈಯನ್ನು ಅವಳ ಕಡೆ ಚಾಚಿದಳು.

"ಇಲ್ಲಿ ಕೊಡು ತಂಗಿ. ನಾ ಅದೀನಿ. ಹೋಗಿ ಬಾ."

ಕಂಪ್ಲಿಯ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅಜ್ಜಿಯ ಎಡಗೈ ನೋಡಿದಳು, ಬಲಗೈ ನೋಡಿದಳು. ತಾಳಿಯನ್ನು ತೆಗೆದು ಕಣ್ಣಿಗೊತ್ತಿ ಆ ಅಂಗೈಯಲ್ಲಿ ಇಟ್ಟು ಒಳಗೆ ಹೋದಳು. ಎರಡೂ ಕೈ ತುಂಬಿದ ಅಜ್ಜಿಯ ಮೂಗಿನ ಮೇಲೆ ಅದೇ ಹೊತ್ತಿಗೆ ಒಂದು ನೊಣ ಬಂದು ಕೂರಬೇಕೇ! "ಲೇ ಚನ್ನಬಸ್ಯಾ, ಏನು ನೋಡ್ತೀ? ನೊಣ ಓಡ್ಸಲೇ" ಎಂದು ಅವಳು ಕೂಗಿದ ರಭಸಕ್ಕೆ ಇಡೀ ಜಗುಲಿ ನಕ್ಕಿತು. ಆ ಜಗುಲಿ ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅವತ್ತಿನಿಂದ ಅಜ್ಜಿಯ ಬಲಗೈಗೆ ದಿನವೂ ಏನಾದರೊಂದು ಬರುತ್ತಿತ್ತು. ಒಬ್ಬರ ತಾಯಿತ, ಒಬ್ಬರ ಶಿಲುಬೆ, ಆ ಹೆಣ್ಣುಮಗಳ ತಾಳಿ ದಿನವೂ. ಮನೆಯಲ್ಲಿ ಪೂಜೆಯ ಹೊತ್ತಿಗೆ ನಮ್ಮ ನೆರಳು ಬಿದ್ದರೂ ಗದರುತ್ತಿದ್ದವಳು ಇವಳೇನಾ ಎಂದು ನನಗೆ ಅನುಮಾನವಾಯಿತು. ಕೇಳಿದ್ದಕ್ಕೆ, "ಕೈ ಖಾಲಿ ಇತ್ತಲ್ಲ" ಎಂದಳು.

ಕಡೆಯ ದಿನ ಡಾಕ್ಟರು ಕೊರಳು ಮುಟ್ಟಿ ನೋಡಿ ಸಿಗಲಿಲ್ಲ ಎಂದರು. ಅಜ್ಜಿ ನನ್ನನ್ನು ಮುಂದೆ ಮಾಡಿಕೊಂಡು, "ಹೋತು ಅನ್ನಬೇಕೋ, ಹೋಗಿರಬಹುದು ಅನ್ನಬೇಕೋ ಕೇಳು" ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಅಜ್ಜಿಯನ್ನೇ ನೋಡುತ್ತ ಹೇಳಿದರು. ಐದು ವರ್ಷ ಮತ್ತೆ ಬರದಿದ್ದರೆ ಹೋಯಿತು ಅನ್ನಬಹುದು. ಅಲ್ಲಿಯವರೆಗೆ ವರ್ಷವರ್ಷವೂ ಬಂದು ತೋರಿಸಬೇಕು.

"ಐದು ವರ್ಷ ನೋಡ್ಬೇಕಂತ ಅಜ್ಜಿ."

"ಆತು" ಎಂದಳು ಅಜ್ಜಿ.

ಮುಂದಿನ ವರ್ಷ ನಾನು ಪರೀಕ್ಷೆಗೆ ಕೂತೆ. ಬೀಜಗಣಿತದಲ್ಲಿ ಶಾಲೆಗೆ ಎರಡನೆಯವನಾದೆ. ಆ ಮೊದಲನೆಯವನ ಹೆಸರು ಇಲ್ಲಿ ಬರೆಯುವ ಮನಸ್ಸಿಲ್ಲ. ಆಮೇಲೆ ಟ್ರೇನಿಂಗ್ ಮುಗಿಸಿ ಮಾಸ್ತರನಾದೆ. ಕರೆಂಟು ಹಿಡಿಸಿದ ಎಡಗಡೆ ಗಡ್ಡ ಹುಟ್ಟಲೇ ಇಲ್ಲ. ಬೇಗ ದಣಿಯುತ್ತಿದ್ದೆ, ಒಣ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸಣ್ಣ ನೆಗಡಿಯಾದರೂ ಕೈ ಕೊರಳಿಗೆ ಹೋಗುತ್ತಿತ್ತು. ಈಗಲೂ ಹೋಗುತ್ತದೆ. ಆ ಭಯ ಪೂರ್ತಿ ಹೋಗುವುದಿಲ್ಲ, ಮನೆಯಲ್ಲಿ ಒಂದು ಮೂಲೆ ಹಿಡಿದು ಕೂರುತ್ತದೆ. ಅದರ ಜೊತೆ ಬಾಳುವುದು ರೂಢಿಯಾಗುತ್ತದೆ ಎಂದು ಗಾದಿಗನೂರಿನವರಿಗೆ ಹೇಳಿದ್ದೇನೆ.

ಆ ಐದು ವರ್ಷ ಊರಿಗೆ ಬಂದಾಗಲೆಲ್ಲ ಒಂದು ಸಂಗತಿ ಗಮನಿಸಿದೆ. ಬೆಳಿಗ್ಗೆ ಬಿಸಿಲು ಕಟ್ಟೆಯ ಎರಡನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಅಜ್ಜಿ ಎಲ್ಲ ಕೆಲಸ ಬಿಟ್ಟು ಪಡಸಾಲೆಯಲ್ಲಿ ನೆಟ್ಟಗೆ ಕೂರುತ್ತಿದ್ದಳು. ಎಡ ಅಂಗೈ ಬಿಚ್ಚಿ ಎದೆಯ ಮಟ್ಟಕ್ಕೆ ಹಿಡಿದಿರುತ್ತಿದ್ದಳು. ಅಂಗೈಯಲ್ಲಿ ಏನೂ ಇರುತ್ತಿರಲಿಲ್ಲ. ಬೆಳಗಿನಿಂದ ಅಲ್ಲಿಯವರೆಗೆ ನೀರು ಕುಡಿಯುತ್ತಿರಲಿಲ್ಲ. ನಾನು ಗಡಿಯಾರ ನೋಡಿದೆ. ಹತ್ತೂವರೆ.

"ಅಜ್ಜಿ, ಅದು ಮುಗೀತು. ಲಿಂಗ ನನ್ನ ಕೊರಳಾಗೈತಿ ನೋಡು" ಎಂದೆ.

"ಐದು ವರ್ಷ ಅಂದಾರ" ಎಂದಳು.

ಐದನೆಯ ವರ್ಷ ಮದರಾಸಿಗೆ ನಾನೊಬ್ಬನೇ ಹೋದೆ. ಡಾಕ್ಟರು ಕಾಗದ ಬರೆದುಕೊಟ್ಟರು. ರೈಲು ಇಳಿದು, ಬಸ್ಸು ಹಿಡಿದು, ಕಂಪ್ಲಿ ಮುಟ್ಟುವಾಗ ಬೆಳಗಿನ ಹನ್ನೊಂದು ಹತ್ತಿರವಾಗಿತ್ತು. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ಬಿಸಿಲು ಎಲ್ಲಿಗೆ ಬಂತೆಂದು ಅವ್ವನನ್ನು ಕೇಳಿ ಕೂರುತ್ತಿದ್ದಳು. ಅವತ್ತೂ ಕೂತಿದ್ದಳು, ಅಂಗೈ ಬಿಚ್ಚಿಕೊಂಡು. ನನ್ನ ಹೆಜ್ಜೆ ಗುರುತು ಹಿಡಿದಳು.

"ಕಾಗದ ಕೊಟ್ಟಾರೇನು?"

"ಕೊಟ್ಟಾರ."

"ಮೊದ್ಲು ಇಂಗ್ಲಿಷ್ನಾಗ ಓದು. ಅವರು ಬರದಂಗ ಓದು."

ಅವಳಿಗೆ ಒಂದಕ್ಷರ ತಿಳಿಯದ ಆ ಮೂರು ಸಾಲನ್ನು ನಿಧಾನವಾಗಿ ಓದಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ಆಮೇಲೆ ಕನ್ನಡದಲ್ಲಿ ಹೇಳಿದೆ. "ರೋಗ ಇಲ್ಲ. ಹೋತು ಅಂತ ಬರದಾರ."

"ಹೋಗಿರಬಹುದು ಅಂತ ಇಲ್ಲಲ್ಲ?"

"ಇಲ್ಲ ಅಜ್ಜಿ. ಹೋತು ಅಂತ."

ಅಜ್ಜಿ ನನ್ನ ಕೊರಳಿಗೆ ಕೈ ಹಾಕಿ ಶಿವದಾರವನ್ನು ಬೆರಳಿಂದ ಹಿಡಿದು ಕರಡಿಗೆಯವರೆಗೂ ಸವರಿದಳು. ಆಮೇಲೆ ಎಡ ಅಂಗೈಯ ಒಂದೊಂದೇ ಬೆರಳು ಮಡಚಿ ಮುಚ್ಚಿದಳು.

"ನೀಲವ್ವಾ" ಎಂದು ಒಳಗಿದ್ದ ಅವ್ವನನ್ನು ಕೂಗಿದಳು. "ಒಂದು ಚರಿಗಿ ನೀರು ತಗೊಂಬಾ."